ಬಿಳಿ ಬಳ್ಳಿಯ ಕೆಂಪು ಬೇರು

"ಇವನ್ನೆಲ್ಲ ಆವಿಯಲ್ಲಿ ಬೇಯಿಸಿ ಎಸೆದುಬಿಡಿ ಅಕ್ಕ, ಒಂದೂ ಉಳಿಯೋದು ಬೇಡ." ವಿಜ್ಞಾನಿ ಮೇಡಂ ಗಾಜಿನ ತಟ್ಟೆಗಳ ಟ್ರೇಯನ್ನು ತೊಟ್ಟಿಯ ಪಕ್ಕ ಕುಕ್ಕಿ, ಕೈಚೆಲ್ಲಿ ಕೂತರು.

ಪ್ರಯೋಗಾಲಯದ ಗಾಜು ತೊಳೆಯುವ ಅಕ್ಕನಿಗೆ ಸಂಕಟವಾಯಿತು. ಬಿಳಿ ದ್ರಾಕ್ಷಿ ಬಳ್ಳಿಯ ವಂಶವಾಹಿಯನ್ನು ತಿದ್ದಿ ಅದರಿಂದಲೇ ಕೆಂಪು ವೈನ್ ತೆಗೆಯಬೇಕು, ನಾಲಿಗೆ ಹಿಡಿಯುವ ಒಗರನ್ನೂ ಹದಕ್ಕೆ ತರಬೇಕು ಎಂದು ಮೇಡಂ ನಾಲ್ಕು ವರ್ಷದಿಂದ ಜೀವ ತೇಯುತ್ತಿದ್ದರು. ಇವತ್ತಿಗೆ ಗಡುವು ಮುಗಿಯಿತು. ತಟ್ಟೆ ತಟ್ಟೆಯಲ್ಲೂ ಮೊಳೆತದ್ದು ಅದೇ ಹಸಿರು ಚಿಗುರು, ಅದೇ ಬಿಳಿ ಬೇರು.

ಚೀಟಿ ಕೀಳಲೆಂದು ಅಕ್ಕ ಒಂದೊಂದೇ ತಟ್ಟೆಯನ್ನು ಬೋರಲು ಮಾಡುತ್ತ ಹೋದಳು. ಹತ್ತೊಂಬತ್ತನೆಯದಕ್ಕೆ ಕೈ ನಿಂತಿತು. ತಳದಲ್ಲಿ ಕೂದಲೆಳೆಯಂಥ ಒಂದು ಬೇರು. ಅದರ ತುದಿ ಕೆಂಪು.

"ಮೇಡಂ, ಇದು ಕೆಂಪಗಿದೆ."

"ಬೂಷ್ಟು ಹಿಡಿದಿರುತ್ತೆ, ಹಾಕಿ ಅದನ್ನೂ," ಎಂದರು ಮೇಡಂ, ತಲೆ ಎತ್ತದೆ.

"ಬೂಷ್ಟಲ್ಲ. ಹನ್ನೆರಡು ವರ್ಷದಿಂದ ನಮ್ಮನೆಯವರ ಮುಖಕ್ಕಿಂತ ಬೂಷ್ಟಿನ ಮುಖಾನೇ ಹೆಚ್ಚು ನೋಡಿದೀನಿ. ಬೂಷ್ಟು ಮೇಲೆ ಕೂರುತ್ತೆ. ಇದು ಒಳಗಿಂದ ಬಂದಿದೆ."

ಮೇಡಂ ತಟಕ್ಕನೆ ಎದ್ದು ಬಂದರು. ತಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬಗ್ಗಿದವರು ಎಷ್ಟು ಹೊತ್ತಾದರೂ ಏಳಲಿಲ್ಲ. ಕೊನೆಗೆ ಸ್ಟೂಲನ್ನು ಅವಳತ್ತ ತಳ್ಳಿ, "ನೋಡಿ ಅಕ್ಕ," ಎಂದರು.

ಅಕ್ಕ ಸೆರಗಿಗೆ ಕೈಯೊರೆಸಿಕೊಂಡು ಕಣ್ಣಿಟ್ಟಳು. ಇಟ್ಟಿಗೆ ಜೋಡಿಸಿದಂತೆ ಸಾಲು ಸಾಲು ಪುಟ್ಟ ಕೋಣೆಗಳು. ಒಂದೊಂದರ ಒಳಗೂ ತುಂಬಿ ನಿಂತ ಕಡುಗೆಂಪು, ತುದಿಯಿಂದ ಮೇಲಕ್ಕೆ ಏರುತ್ತಿತ್ತು.

"ಈ ಬಣ್ಣ ನೀವು ಹಾಕಿದ್ದಾ?"

"ಇಲ್ಲ ಅಕ್ಕ. ಬಿಳಿ ದ್ರಾಕ್ಷಿನೂ ಮೊದಲು ಕಪ್ಪೇ, ಇದೇ ಕೆಂಪು ದಟ್ಟವಾಗಿ ಕಪ್ಪಾಗಿ ಕಾಣ್ತಿತ್ತು. ಸಾವಿರಾರು ವರ್ಷದ ಹಿಂದೆ ಯಾವುದೋ ಬಳ್ಳಿಯಲ್ಲಿ ಬಣ್ಣ ಶುರುಮಾಡಿಸೋ ವಂಶವಾಹಿ ಕೆಟ್ಟು ನಿಂತುಹೋಯ್ತು. ಮಿಕ್ಕಿದ್ದೆಲ್ಲ ಒಳಗೆ ಹಾಗೇ ಇತ್ತು. ನಾವು ಆ ಕೆಟ್ಟದ್ದನ್ನ ಸರಿ ಮಾಡಿದ್ವಿ, ಅಷ್ಟೇ."

"ಅಷ್ಟು ವರ್ಷವಾದ್ರೂ ಅದು ಬಣ್ಣ ಮಾಡೋದನ್ನ ಮರೆತಿರಲಿಲ್ವಾ?"

"ಮರೆತಿರಲಿಲ್ಲ, ಮಲಗಿತ್ತು," ಎಂದು ಮೇಡಂ ತಟ್ಟೆಯನ್ನು ಮೆಲ್ಲಗೆ ಎತ್ತಿಟ್ಟರು.

"ಮತ್ತೆ ಒಗರು?"

"ಅದಕ್ಕೆ ಹಣ್ಣು ಬಿಡಬೇಕು. ಇನ್ನೂ ಮೂರು ವರ್ಷ," ಎಂದು ಮೇಡಂ ಕಣ್ಣೊರೆಸಿಕೊಂಡು ನಕ್ಕರು.

ಸಂಜೆ ಕೆಲಸ ಮುಗಿಸಿ ಅಕ್ಕ ಸಂಸ್ಥೆಯ ತೋಟದ ನಡುವೆ ಗೇಟಿನ ಕಡೆ ಹೊರಟಳು. ಎರಡೂ ಬದಿಗೆ ಬಿಳಿ ದ್ರಾಕ್ಷಿಯ ಸಾಲುಗಳು, ತಿಳಿಹಸಿರು ಗೊಂಚಲುಗಳ ಭಾರಕ್ಕೆ ಜೋತು ನಿಂತಿದ್ದವು. ನಾಲ್ಕು ಹೆಜ್ಜೆ ಹೋದವಳು ನಿಂತಳು. ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡು, ಮಕ್ಕಳು ಮಲಗಿರುವ ಕೋಣೆಯನ್ನು ದಾಟುವವಳ ಹಾಗೆ, ಸಪ್ಪಳವಾಗದಂತೆ ನಡೆದಳು.