ಹೊಸ ಕೈ ಬೇಡ

ಚಳಿಗಾಲ. ಬೆಳಗಿನ ಪ್ರಾರ್ಥನೆ ಮುಗಿದು ಜನ ಚದುರಿದ್ದರು, ಬಿಸಿಲು ಇನ್ನೂ ಗೋಡೆ ಬಿಟ್ಟು ನೆಲಕ್ಕೆ ಇಳಿದಿರಲಿಲ್ಲ. ಆ ಹೊತ್ತಿನಲ್ಲಿ ಅತ್ತೆ ಸೊಸೆ ಇಬ್ಬರೂ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಚರ್ಚಿನ ಪಕ್ಕದ ಪಾದ್ರಿಗಳ ಕೋಣೆಗೆ ಬಂದರು. ಗ್ಲೂಕೋಸ್ ಬಾಟಲಿ ತುಂಬಿ ಬರುವಂಥ ಪೆಟ್ಟಿಗೆ. ಒಳಗೆ ಮುದುಕಿಯ ಮಗನ ಬಲಗೈ ಇತ್ತು, ಮೊಣಕೈಯಿಂದ ಕೆಳಗಿನದು. ಹಿಂದಿನ ದಿನ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸಕ್ಕೆ ಸಿಕ್ಕಿತ್ತು. ಅವನು ಆಸ್ಪತ್ರೆಯಲ್ಲಿ ಮಲಗಿದ್ದ, ಜೀವಕ್ಕೇನೂ ಭಯವಿರಲಿಲ್ಲ. ಕೈಯನ್ನು ಸುಟ್ಟುಬಿಡುತ್ತಾರೆ ಎಂದು ಗೊತ್ತಾಗಿ ಮನೆಯವರೇ ಕೇಳಿ ತಂದಿದ್ದರು.

ಚರ್ಚಿನ ಸ್ಮಶಾನದಲ್ಲಿ ತನ್ನ ಗಂಡನ ಪಕ್ಕದ ಜಾಗ ಮಗನಿಗೆಂದೇ ಬಿಟ್ಟಿದೆ, ಕೈಯನ್ನು ಅಲ್ಲಿ ಪ್ರಾರ್ಥನೆ ಹೇಳಿ ಹೂಳಬೇಕು ಎಂದು ಮುದುಕಿ ಬೇಡಿಕೊಂಡಳು. ಕೊನೆಯ ತುತೂರಿ ಊದಿದಾಗ ಸತ್ತವರೆಲ್ಲ ಮೈಸಮೇತ ಎದ್ದು ಬರುತ್ತಾರೆ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದವಳು. ಮಗ ಮೋಟುಗೈಯಲ್ಲಿ ಎದ್ದರೆ ಕರ್ತನ ಮುಂದೆ ಯಾವ ಕೈ ಜೋಡಿಸಿ ನಿಲ್ಲುತ್ತಾನೆ ಎಂಬುದೇ ಅವಳ ಚಿಂತೆ.

ಪಾದ್ರಿಗಳು ಎಷ್ಟೋ ಜನರನ್ನು ಮಣ್ಣು ಮಾಡಿದ್ದರು, ಬರೀ ಕೈಯನ್ನು ಮಾಡಿರಲಿಲ್ಲ. ಬೆಂಕಿಯಲ್ಲಿ ಬೂದಿಯಾದವರನ್ನೂ, ಸಮುದ್ರದಲ್ಲಿ ಮೀನಿನ ಪಾಲಾದವರನ್ನೂ ಎಬ್ಬಿಸುವವನಿಗೆ ಒಂದು ಕೈ ಏನು ಮಹಾ ಎಂದು ಮುದುಕಿಗೆ ಸಮಾಧಾನ ಹೇಳಿದರು. “ಆ ದಿನ ನಿಮ್ಮ ಮಗನಿಗೆ ಹೊಸ ಕೈ ಕೊಡ್ತಾನಮ್ಮ. ಗಾಯ ಇಲ್ಲದ್ದು, ಮುಪ್ಪು ಇಲ್ಲದ್ದು.”

ಮುದುಕಿಯ ಮುಖ ಸಡಿಲವಾಯಿತು. ಹೊಸದೇ ಸಿಗುವುದಾದರೆ ಇದನ್ನು ಹೊತ್ತು ತಿರುಗುವುದು ಯಾಕೆ, ಆಸ್ಪತ್ರೆಗೇ ವಾಪಸ್ ಕೊಟ್ಟುಬಿಡೋಣ ಎಂದು ಪೆಟ್ಟಿಗೆ ಎತ್ತಿಕೊಳ್ಳಲು ಹೋದಳು. ಸೊಸೆ ಬಿಡಲಿಲ್ಲ.

“ಹೊಸದು ಬೇಡ ಫಾದರ್. ಇದೇ ಬೇಕು.”

ಗಂಡನ ಮೇಲೆ ಇಷ್ಟು ಪ್ರೀತಿ ಇಟ್ಟವರನ್ನು ಈ ಕಾಲದಲ್ಲಿ ಎಲ್ಲಿ ಕಾಣುತ್ತೇವೆ ಎಂದರು ಪಾದ್ರಿಗಳು. ಅವರ ದನಿ ಒದ್ದೆಯಾಗಿತ್ತು. ಅವಳು ಮುಖ ಹೊರಳಿಸಿ, ಬಲಗಿವಿ ಮುಂದೆ ಮಾಡಿ, ಇನ್ನೊಂದು ಸಲ ಹೇಳಿ ಎಂದಳು. ಅವಳಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಮದುವೆಗೆ ಮುಂಚೆ ಅದೇ ಚರ್ಚಿನಲ್ಲಿ ಹಾಡುವವರ ಸಾಲಿನಲ್ಲಿ ನಿಲ್ಲುತ್ತಿದ್ದವಳು, ಯಾರ ಶ್ರುತಿ ಒಂದೆಳೆ ತಪ್ಪಿದರೂ ತಿರುಗಿ ನೋಡುತ್ತಿದ್ದವಳು. ಪಾದ್ರಿಗಳು ಇನ್ನೊಂದು ಸಲ ಹೇಳಿದರು.

“ಹೊಸ ಕೈ ಏನೂ ಮಾಡಿರಲ್ಲ ಫಾದರ್,” ಅಂದಳು. “ನ್ಯಾಯ ಕೇಳೋ ದಿನ ತೋರಿಸೋಕೆ ಇದೇ ಇರಬೇಕು.”

ಮುದುಕಿ ಕಿಟಕಿಯ ಕಡೆ ತಿರುಗಿದಳು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದವಳು, ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕ್ಷಮೆಯ ಮಾತೊಂದು ಪಾದ್ರಿಗಳ ಬಾಯಿತನಕ ಬಂತು. ಅದನ್ನು ಅಲ್ಲೇ ನುಂಗಿಕೊಂಡು, ಮೊಳೆಗೆ ನೇತುಹಾಕಿದ್ದ ನಿಲುವಂಗಿ ತೆಗೆದು ಹಾಕಿಕೊಂಡರು.

ಗುಂಡಿ ತೋಡುವವನಿಗೆ ದೊಡ್ಡವರ ಅಳತೆ ಗೊತ್ತು, ಕೂಸುಗಳ ಅಳತೆ ಗೊತ್ತು. ಕೈಯ ಅಳತೆ ಎಲ್ಲಿಂದ ಗೊತ್ತಿರಬೇಕು? ಮಿಕ್ಕ ಆಸಾಮಿ ಯಾವಾಗ ಬರ್ತಾನೆ ಎಂದು ಕೇಳಿ ಪಾದ್ರಿಗಳಿಂದ ಬೈಸಿಕೊಂಡ. ನಾಯಿಗಳು ಕೆದಕದಿರಲಿ ಎಂದು ಸೊಂಟದಾಳ ತೋಡಿದ. ಬೆರಳುಗಳು ಒಳಕ್ಕೆ ಮಡಿಚಿ ಸೆಟೆದುಕೊಂಡಿದ್ದವು. ಬಿಡಿಸಿ ನೆಟ್ಟಗೆ ಮಾಡಲೇ ಎಂದು ಕೇಳಿದ, ಸತ್ತವರಿಗೆ ಹಾಗೆ ಮಾಡುವುದು ಅವನ ರೂಢಿ. ಹೇಗಿದೆಯೋ ಹಾಗೇ ಇರಲಿ ಎಂದಳು ಸೊಸೆ. ಪಾದ್ರಿಗಳು ದೊಡ್ಡವರಿಗೆ ಹೇಳುವ ಪ್ರಾರ್ಥನೆಯನ್ನೇ ಪೂರ್ತಿ ಹೇಳಿದರು. ಎದ್ದು ಬರುವ ದಿನದ ಮಾತನ್ನೂ ಬಿಡಲಿಲ್ಲ.

ಅದಾದ ಮೇಲೆ ಅವಳು ದಿನವೂ ಆಸ್ಪತ್ರೆಗೆ ಹೋದಳು. ಊಟ ಒಯ್ದು ತುತ್ತು ಮಾಡಿ ತಿನ್ನಿಸಿದಳು, ಅವನ ಅಂಗಿಗೆ ಗುಂಡಿ ಹಾಕಿದಳು. ಒಂದು ಸಂಜೆ ಅವನು ಎಡಗೈಯಲ್ಲೇ ಚಮಚ ಹಿಡಿದು, ಚೆಲ್ಲದೆ ಬಾಯಿಗಿಟ್ಟುಕೊಂಡ. ಅವಳು ಮನೆಗೆ ಬಂದು ತನ್ನ ಬಟ್ಟೆ ಜೋಡಿಸಿಕೊಂಡಳು.

ಬೆಳಿಗ್ಗೆ ಚೀಲ ಎತ್ತಿಕೊಂಡಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. ಬೈಯಲಿಲ್ಲ. ಚೀಲದ ಹಿಡಿಯನ್ನಷ್ಟೇ ಹಿಡಿದುಕೊಂಡಳು.

“ಇಷ್ಟು ವರ್ಷ ನೀನು ತಡ್ಕೊಂಡೆ. ಹೊಡೆಯೋ ಕೈಯೇ ಹೋಯ್ತಲ್ಲ ತಾಯಿ, ಈಗ ಯಾಕೆ ಹೋಗ್ತೀಯ?”

“ಎಡಗೈ ಇದೆಯಲ್ಲ ಅತ್ತೆ,” ಅಂದಳು ಸೊಸೆ. “ಅದು ಇನ್ನೂ ಏನೂ ಮಾಡಿಲ್ಲ. ಹಾಗೇ ಇರಲಿ.”

ಅವನನ್ನು ಮನೆಗೆ ಕರೆತಂದದ್ದು ಶನಿವಾರ. ಅವಳು ಹೊರಟದ್ದು ಶುಕ್ರವಾರ, ಬೆಳಗಿನ ಮೊದಲ ಬಸ್ಸಿಗೆ.