ವಿಮಾನ ಯಾರ ಕೈಯಲ್ಲಿತ್ತು

"ಎಚ್ಚರವಾಗಿದ್ದೀರಾ? ಕೆಳಗಿನೋರು ಆಗಿಂದ ನಿಮ್ಮನ್ನ ಕೂಗ್ತಾನೇ ಇದ್ದಾರೆ."

ಕಾಕ್‌ಪಿಟ್ಟಿನ ಸ್ಪೀಕರಿನಲ್ಲಿ ಹೀಗೆ ಕೇಳಿದವನು ನೆಲದ ಮೇಲಿನವನಲ್ಲ, ಅದೇ ಆಕಾಶದಲ್ಲಿ ಎಲ್ಲೋ ಹೋಗುತ್ತಿದ್ದ ಬೇರೆ ಕಂಪನಿಯ ಪೈಲಟ್. ಕ್ಯಾಪ್ಟನ್ ಬೆಚ್ಚಿಬಿದ್ದು ಮುಂದಿನ ಪರದೆ ನೋಡಿದರು. ಕೆಳಗಿಳಿಯಲು ಶುರು ಮಾಡಬೇಕಾಗಿದ್ದ ಜಾಗ ಎಂದೋ ಹಿಂದೆ ಉಳಿದಿತ್ತು. ಇಳಿಯಬೇಕಾದ ಊರೇ ಈಗ ರೆಕ್ಕೆಯ ಕೆಳಗೆ ಸರಿದುಹೋಗುತ್ತಿತ್ತು. ಬೇರೆ ಏನೂ ಹೇಳುವವರಿಲ್ಲದೆ ವಿಮಾನ ತನ್ನ ಪಾಡಿಗೆ ತಾನು ಮೂಗಿನ ನೇರಕ್ಕೆ ಹೋಗುತ್ತಲೇ ಇತ್ತು. ಕ್ಯಾಪ್ಟನ್ನರ ಬಲಗೈ ಇನ್ನೂ ಸಹಪೈಲಟ್‌ನ ಭುಜದ ಮೇಲಿತ್ತು.

"ನನ್ನ ಕೈಲಿದೆ," ಎಂದರು ಕ್ಯಾಪ್ಟನ್. ಸಹಪೈಲಟ್ ಕಣ್ಣು ಮೂಗು ಒರೆಸಿಕೊಂಡು, "ನಿಮ್ಮ ಕೈಲಿದೆ," ಎಂದ. ವಿಮಾನ ಯಾರು ನಡೆಸುತ್ತಿದ್ದಾರೆ ಎಂಬುದನ್ನು ಒಬ್ಬರು ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು ಬಾಯಿಬಿಟ್ಟು ಒಪ್ಪಬೇಕು. ಆ ಕೆಲಸದಲ್ಲಿ ಮೊದಲು ಕಲಿಸುವುದೇ ಇದು. ಅಷ್ಟು ಹೊತ್ತು ಇಬ್ಬರಲ್ಲಿ ಒಬ್ಬರೂ ಅದನ್ನು ಹೇಳಿರಲಿಲ್ಲ. ನೆಲದಿಂದ ದಾರಿ ತೋರಿಸುವ ಹೆಂಗಸು ಸಿಟ್ಟು ಮಾಡಲಿಲ್ಲ. ಇವರಿಗಾಗಿ ಉಳಿದ ವಿಮಾನಗಳನ್ನೆಲ್ಲ ದೂರ ಸರಿಸಿದ್ದೇನೆ ಎಂದಷ್ಟೇ ಹೇಳಿ, ತಿರುಗಿ ಬರುವ ದಾರಿಯನ್ನು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಅವಳು ಎರಡು ಮಾತು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಕ್ಯಾಪ್ಟನ್ನರಿಗೆ.

ಆದದ್ದಿಷ್ಟೇ. ಮೇಲೇರಿ ಎಲ್ಲ ಸಮವಾದ ಮೇಲೆ ಕ್ಯಾಪ್ಟನ್ ಮಾತಿಗೊಂದು ಮಾತು ಅಂತ, ಮನೆಯಲ್ಲಿ ಹೇಗಿದ್ದಾರಪ್ಪ ಎಂದು ಕೇಳಿದ್ದರು. ಯಾರಾದರೂ ಕೇಳುವ ಮಾತು. ಚೆನ್ನಾಗಿದ್ದಾರೆ ಸರ್ ಎಂದುಬಿಟ್ಟರೆ ಮುಗಿಯುವ ಮಾತು. ಸಹಪೈಲಟ್ ಹಾಗೆ ಹೇಳಲು ಬಾಯಿ ತೆರೆದವನು ಹೇಳಲಾರದೆ ಹೋದ. ಹೋದ ವಾರ ಅವನಿಗೆ ಹೆಣ್ಣುಮಗು ಹುಟ್ಟಿತ್ತು, ಉಸಿರಿಲ್ಲದೆ. ಆಸ್ಪತ್ರೆಯ ಓಡಾಟ, ಮಣ್ಣು ಮಾಡುವುದು, ಬಂದವರಿಗೆ ಕುರ್ಚಿ ಹಾಕುವುದು, ಎಲ್ಲವನ್ನೂ ಅವನೇ ನೋಡಿಕೊಂಡಿದ್ದ. ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ಅಳಿಯ ಗಟ್ಟಿ ಮನುಷ್ಯ ಎಂದು ಅತ್ತೆ ಹೊಗಳಿದ್ದರು. ಹೆಂಡತಿ ಮಾತ್ರ ಅವತ್ತಿನಿಂದ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಆಫೀಸಿನಲ್ಲಿ ಅವನು ಯಾರಿಗೂ ಹೇಳಲಿಲ್ಲ. ಹಾರಲು ನಾನು ಸರಿಯಾಗಿದ್ದೇನೆ ಎಂದು ಕೆಲಸಕ್ಕೆ ಬಂದುಬಿಟ್ಟಿದ್ದ. ಇವತ್ತು ಮೋಡದ ಮೇಲೆ, ಬಿಸಿಲಿನಲ್ಲಿ, ಕಟ್ಟೆ ಒಡೆಯಿತು. ಕ್ಯಾಪ್ಟನ್ ಸ್ವತಃ ಮೂರು ಮಕ್ಕಳ ತಂದೆ. ನೀನು ಅಳಪ್ಪ, ವಿಮಾನ ನಾನು ನೋಡಿಕೊಳ್ಳುತ್ತೇನೆ ಎನ್ನಬೇಕಾಗಿತ್ತು. ಅಳಪ್ಪ ಎಂಬಲ್ಲಿಗೇ ಅವರ ಮಾತು ನಿಂತಿತ್ತು.

ಊರಿಗೊಂದು ದೊಡ್ಡ ಸುತ್ತು ಹಾಕಿ ಇಳಿದರು. ಹೂವಿನಂತೆ ಇಳಿಸಿದಿರಿ ಎಂದು ಪ್ರಯಾಣಿಕರಲ್ಲಿ ಯಾರೋ ಯಜಮಾನರು ಬಾಗಿಲಲ್ಲಿ ಕ್ಯಾಪ್ಟನ್ನರ ಕೈ ಕುಲುಕಿ ಹೋದರು. ಆ ಹೊಗಳಿಕೆಯನ್ನು ಎಲ್ಲಿಡುವುದೆಂದು ತಿಳಿಯದೆ ಕ್ಯಾಪ್ಟನ್ ಒಳಗೆ ಬಂದು ತಮ್ಮ ಸೀಟಿನಲ್ಲಿ ಕುಳಿತರು.

ಕಾಕ್‌ಪಿಟ್ಟಿನಲ್ಲಿ ಆಡಿದ್ದೆಲ್ಲ ಒಂದು ಯಂತ್ರದಲ್ಲಿ ದಾಖಲಾಗುತ್ತಿರುತ್ತದೆ. ಹೊಸ ಮಾತು ಬಂದ ಹಾಗೆ ಹಳೆಯದು ಅಳಿಯುತ್ತ ಹೋಗುತ್ತದೆ. ಏನಾದರೂ ಎಡವಟ್ಟಾದರೆ ತಲೆಯ ಹಿಂದಿನ ಫಲಕದಲ್ಲಿ ಒಂದು ಗುಂಡಿ ಎಳೆದು ಅದನ್ನು ನಿಲ್ಲಿಸಬೇಕು. ಆಗ ಆಡಿದ್ದು ಆಡಿದ ಹಾಗೇ ಉಳಿದು ವಿಚಾರಣೆಗೆ ಹೋಗುತ್ತದೆ. ಎಳೆಯದಿದ್ದರೆ ಮುಂದಿನ ಪ್ರಯಾಣ ಮುಗಿಯುವಷ್ಟರಲ್ಲಿ ಎಲ್ಲ ಮಾಯ. ಕ್ಯಾಪ್ಟನ್ ಕೈ ಎತ್ತಿದರು, ಮತ್ತೆ ಇಳಿಸಿದರು.

"ರೇಡಿಯೋ ಕೈಕೊಡ್ತು ಅಂದ್ಬಿಡೋಣ," ಎಂದರು ಮೆಲ್ಲಗೆ. "ನಿನ್ನ ಮನೆ ವಿಷ್ಯ ನಾಲ್ಕು ಜನ ಮೇಜಿನ ಸುತ್ತ ಕೂತು ಕೇಳೋದು ನಂಗೆ ಬೇಡ ಕಣಪ್ಪ."

ಅದು ಹುಡುಗನ ಮೇಲಿನ ಮರುಕವೋ, ತಮ್ಮ ಲೈಸೆನ್ಸಿನ ಮೇಲಿನ ಆಸೆಯೋ ಅವರಿಗೇ ಗೊತ್ತಿರಲಿಲ್ಲ. ಎರಡೂ ಇದ್ದಿರಬೇಕು. ಮನುಷ್ಯರಲ್ಲವೇ.

ಸಹಪೈಲಟ್ ಖಾಲಿ ರನ್‌ವೇ ಕಡೆ ನೋಡುತ್ತಲೇ ಹೇಳಿದ, "ರೇಡಿಯೋ ಬಿಚ್ಚಿ ನೋಡ್ತಾರೆ ಸರ್, ಏನೂ ಕೆಟ್ಟಿರಲ್ಲ. ಹಾಗೂ ನಂಬಿಬಿಟ್ರೆ, ನಾಳೆ ನಾನು ಮತ್ತೆ ಇದೇ ಸೀಟಲ್ಲಿ ಕೂತಿರ್ತೀನಿ. ನಿಮ್ಮ ಮಕ್ಕಳನ್ನ ನನ್ನ ಹಿಂದೆ ಕೂರಿಸಿ ಕಳಿಸ್ತೀರಾ?"

ಹಾಗೆಂದವನು ತಾನೇ ಎದ್ದು ಗುಂಡಿ ಎಳೆದ. ಟಕ್ ಎಂಬ ಸಣ್ಣ ಸದ್ದಾಯಿತು, ಅಷ್ಟೆ. ನಡೆದದ್ದನ್ನು ಇದ್ದ ಹಾಗೇ ಹೇಳುತ್ತೇನೆ, ಮೊದಲ ತಪ್ಪು ನನ್ನದು, ಹಿರಿಯ ನಾನು ಎಂದರು ಕ್ಯಾಪ್ಟನ್. ಸಹಪೈಲಟ್ ತಲೆಯಾಡಿಸಿ, ಬೇರೆಯವರಿಂದ ತಿಳಿಯುವ ಮೊದಲು ಹೆಂಡತಿಗೆ ತಾನೇ ಹೇಳಬೇಕೆಂದು ಫೋನ್ ಮಾಡಿದ.

ಮುಚ್ಚುಮರೆಯಿಲ್ಲದೆ ಹೇಳಿದ. ವಿಮಾನ ದಾರಿ ಮೀರಿ ಹೋದದ್ದು, ತಾನು ಮಗುವಿನ ಮಾತೆತ್ತಿ ಅತ್ತದ್ದು, ಆ ಅಳುವೆಲ್ಲ ಯಂತ್ರದಲ್ಲಿ ಉಳಿದಿರುವುದು, ಇನ್ನು ಗುರುತು ಪರಿಚಯ ಇಲ್ಲದವರು ಅದನ್ನು ಕೂತು ಕೇಳುವುದು, ಕೆಲಸ ಉಳಿಯುತ್ತದೋ ಇಲ್ಲವೋ ಎಂಬುದು. ನಮ್ಮ ಮನೆಯ ನೋವನ್ನು ಬೀದಿಗೆ ತಂದೆ, ಕ್ಷಮಿಸು ಎಂದ.

ಅವಳು ಕೆಲಸದ ಬಗ್ಗೆ ಕೇಳಲಿಲ್ಲ, ವಿಮಾನದ ಬಗ್ಗೆ ಕೇಳಲಿಲ್ಲ.

"ನೀವು ಅತ್ರಾ?" ಎಂದಳು.