ಸುಬ್ಬಿಯ ಗಿಳಿ

ಹೊಸ ಸೂಜಿಯ ಪ್ಯಾಕೆಟ್ಟನ್ನು ಕಣ್ಣೆದುರೇ ಹರಿದು ತೋರಿಸುತ್ತಾ ರಂಜಿನಿ ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನೇ ಹೇಳಿದಳು: “ಹೆದರ್ಬೇಡಿ ಅಮ್ಮಾವ್ರೇ, ಒಬ್ರಿಗೆ ಚುಚ್ಚಿದ ಸೂಜಿನ ಇನ್ನೊಬ್ರಿಗೆ ಚುಚ್ಚಲ್ಲ.”

ಕುರ್ಚಿಯಲ್ಲಿದ್ದ ದೊಡ್ಡತಾಯಮ್ಮ ಪಕ್ಕದ ಸ್ಟೂಲಿನಲ್ಲಿದ್ದ ಸುಬ್ಬಮ್ಮನ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

“ಅವತ್ತು ನಮ್ಮಪ್ಪನೂ ಇದೇ ಮಾತು ಅಂದಿದ್ದು ಕಣವ್ವ,” ಎಂದಳು ದೊಡ್ಡತಾಯಮ್ಮ.

ರಂಜಿನಿಗೆ ತಲೆಬುಡ ಅರ್ಥವಾಗಲಿಲ್ಲ. ಹಾಸನದಲ್ಲಿ ಅವಳು ಟ್ಯಾಟೂ ಅಂಗಡಿ ಇಟ್ಟು ಮೂರು ವರ್ಷ. ಬರುವವರೆಲ್ಲ ಕಾಲೇಜು ಹುಡುಗರು, ಹೊಸದಾಗಿ ಮದುವೆಯಾದವರು. ಇವತ್ತು ನೋಡಿದರೆ ಅವಳ ಅಜ್ಜಿ ಸುಬ್ಬಮ್ಮ, ತಾನು ಆಯಸ್ಸೆಲ್ಲ ಕೂಲಿ ಮಾಡಿದ ಗೌಡರ ಮನೆಯ ಹಿರಿಯಾಕೆಯನ್ನೇ ಅರಕಲಗೂಡು ಬಸ್ಸಿನಲ್ಲಿ ಕರೆತಂದು ಕೂರಿಸಿದ್ದಾಳೆ! ದೊಡ್ಡತಾಯಮ್ಮ ಚಿನ್ನದ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಸುಬ್ಬಮ್ಮನ ಮಡಿಲಿಗೆ ಹಾಕಿ ಎಡಗೈ ಚಾಚಿದಳು. ಸುಕ್ಕುಗಟ್ಟಿದ ಚರ್ಮದ ಮೇಲೆ ಹಸಿರು ಹಚ್ಚೆಯ ತೊಟ್ಟಿಲು. ಅದರ ಮೇಲೆ ಮೂರೇ ಚುಕ್ಕಿ, ಆಮೇಲೆ ಏನೂ ಇಲ್ಲ.

“ನಮ್ ಕಣದಲ್ಲಿ ಹಚ್ಚೆಯವಳು ಕುಂತಿದ್ಲು. ಸುಬ್ಬಿಗೆ ಚುಚ್ಚಿದ ಸೂಜಿನೇ ಒರೆಸ್ಕಂಡು ನಂಗೂ ಚುಚ್ತಿದ್ಲು. ತೊಟ್ಲು ಮುಗೀತು, ಗಿಳಿಗೆ ಮೂರು ಚುಕ್ಕಿ ಇಟ್ಟಿದ್ಲು. ಅಷ್ಟೊತ್ಗೆ ನಮ್ಮಪ್ಪ ಬಂದ್ಬುಟ್ಟ. ನನ್ನ ದರದರ ಎಳ್ಕಂಡೋದ. ಇವ್ಳಿಗೆ ಬಾರುಕೋಲಲ್ಲಿ ಬಾರಿಸ್ದ.”

ರಂಜಿನಿಗೆ ಮೈ ಉರಿಯಿತು. ಈ ಏಟಿನ ಬಗ್ಗೆ ಅಜ್ಜಿ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

“ಬುಡಿ ಅವ್ವಾರೇ, ಹಳೇದು,” ಎಂದಳು ಸುಬ್ಬಮ್ಮ.

“ಏನ್ ಹಳೇದು? ಎಂಬತ್ತಾಯ್ತು ನಂಗೆ. ನಾಳೆ ಉಸಿರು ನಿಂತ್ರೆ ಚಿನ್ನನೆಲ್ಲ ಸೊಸೆದೀರು ಬಿಚ್ಕತಾರೆ. ಮಣ್ಣಿಗೆ ನನ್ ಜೊತೇಲಿ ಬರೋದು ಇದೊಂದೇ. ಇದೂ ಅರ್ಧಕ್ಕೇ ನಿಂತ್ರೆ ಎಂಗೆ?”

ರಂಜಿನಿ ಫೋನಿನಲ್ಲಿ ಬಗೆಬಗೆಯ ಗಿಳಿಗಳನ್ನು ತೋರಿಸಿದಳು. ಮುದುಕಿ ಕಣ್ಣೆತ್ತಿಯೂ ನೋಡಲಿಲ್ಲ. “ಅವೆಲ್ಲ ಬ್ಯಾಡ. ಸುಬ್ಬಿ ಗಿಳಿನೇ ಬೇಕು.”

ಸುಬ್ಬಮ್ಮ ನಾಚುತ್ತಾ ಬಲಗೈ ಮುಂದೆ ಮಾಡಿದಳು. ಚಿಕ್ಕಂದಿನಲ್ಲಿ ರಂಜಿನಿ ತಲೆಯಿಟ್ಟು ಮಲಗುತ್ತಿದ್ದ ಕೈ ಅದು. ಆದರೂ ಅದನ್ನು ಇವತ್ತೇ ನೋಡಿದ ಹಾಗಾಯಿತು. ನಾಲ್ಕು ಸೂಜಿ ಸೇರಿಸಿ ಕಟ್ಟಿ, ಸೊಪ್ಪಿನ ರಸಕ್ಕೆ ಅದ್ದಿ ಚುಚ್ಚಿದ ಗಿಳಿ. ನಾಟಿ ಹಾಕಿದ, ಕಳೆ ಕಿತ್ತ, ಸಗಣಿ ಬಾಚಿದ ಕೈಯಲ್ಲಿ ಎಪ್ಪತ್ತು ವರ್ಷ ಕಳೆದರೂ ಒಂದು ಚುಕ್ಕಿ ಕದಲಿರಲಿಲ್ಲ. ಹೆಸರೂ ಗೊತ್ತಿಲ್ಲದ ಆ ಹಚ್ಚೆಯವಳಿಗೆ ಕೈ ಮುಗಿಯಬೇಕೆನಿಸಿತು ರಂಜಿನಿಗೆ.

ಇಬ್ಬರ ಕೈಯನ್ನೂ ಸ್ಪಿರಿಟ್ಟಿನಿಂದ ಒರೆಸಿ, ಅಜ್ಜಿಯ ಗಿಳಿಯ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ತಿದ್ದಿದಳು. ಅದನ್ನು ಎತ್ತಿಕೊಳ್ಳಲು ತೆಳುಕಾಗದ ತೆಗೆಯುವಷ್ಟರಲ್ಲಿ ದೊಡ್ಡತಾಯಮ್ಮ, “ಕಾಗದ ಯಾಕವ್ವ ನಡುವೆ? ನಿನ್ ಕೈನೇ ಒತ್ತುಲೇ ಸುಬ್ಬಿ,” ಎಂದಳು.

“ನಾನಾ?” ಸುಬ್ಬಮ್ಮ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಆ ಮನೆಯಲ್ಲಿ ಅವಳಿಗೆ ಇವತ್ತಿಗೂ ನೀರು ಮೇಲಿಂದಲೇ ಹುಯ್ಯುತ್ತಿದ್ದರು.

ದೊಡ್ಡತಾಯಮ್ಮ ಸೆರಗಿನೊಳಗಿಂದ ಆ ಕೈಯನ್ನು ತಾನೇ ಹುಡುಕಿ ತೆಗೆದು, ತನ್ನ ತೋಳಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಕೈಗಳು ಬೇರೆಯಾದಾಗ ತೊಟ್ಟಿಲ ಮೇಲೆ ಒದ್ದೆ ಗಿಳಿಯೊಂದು ಮೂಡಿತ್ತು, ಮುಖ ಮಾತ್ರ ಆಚೆಗೆ ತಿರುಗಿತ್ತು.

“ಅಯ್ಯೋ, ಉಲ್ಟಾ ಬಂತು! ಒರೆಸಿ ಇನ್ನೊಂದ್ಸಲ ಹಾಕ್ತೀನಿ,” ಎಂದಳು ರಂಜಿನಿ.

“ಒರೆಸೀಯಾ ಮತ್ತೆ!” ಎಂದ ದೊಡ್ಡತಾಯಮ್ಮ ತನ್ನ ಕೈಯನ್ನು ಸುಬ್ಬಮ್ಮನ ಕೈಪಕ್ಕಕ್ಕೆ ತಂದು ಇಟ್ಟಳು.

ಎಪ್ಪತ್ತು ವರ್ಷ ಒಂಟಿಯಾಗಿದ್ದ ಸುಬ್ಬಿಯ ಗಿಳಿ, ಈಗಷ್ಟೇ ಬಂದ ಗಿಳಿಯ ಕೊಕ್ಕಿಗೆ ಕೊಕ್ಕಿಟ್ಟು ಕೂತಿತ್ತು.